ಗೊಬ್ಬರದಕ್ಕನ ಗುಮಾನಿ

ಬೀನ್ಸ್ ಗಿಡದ ತುದಿಯೆಲೆಗಳು ಮುದುಡಿಕೊಳ್ಳತೊಡಗಿದ ದಿನ ಗೊಬ್ಬರದಕ್ಕ ನೇರ ಹೊಲಕ್ಕೆ ಇಳಿದಳು. ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಒಂದು ಎಲೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಕೈ ಬಿಟ್ಟ ಕೂಡಲೇ ಅದು ಮತ್ತೆ ಬಟ್ಟಲಿನಂತೆ ಒಳಕ್ಕೆ ಸುತ್ತಿಕೊಂಡಿತು. ನರಗಳು ಒಂದರ ಪಕ್ಕ ಒಂದು ಒತ್ತಿಕೊಂಡಿದ್ದವು, ಅಂಚು ಸುಕ್ಕುಗಟ್ಟಿತ್ತು. ಎಲೆಯ ಹಿಂದೆ ಹುಳ ಇರಲಿಲ್ಲ, ಮೊಟ್ಟೆ ಇರಲಿಲ್ಲ. ಒಂದು ಗಿಡವನ್ನು ಮಣ್ಣು ಸಮೇತ ಎಬ್ಬಿಸಿ ಬೇರು ನೋಡಿದಳು. ಸಾಸಿವೆ ಗಾತ್ರದ ಗಂಟುಗಳು ಚೆನ್ನಾಗಿಯೇ ಕಟ್ಟಿದ್ದವು. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ಎಳೆಗೆಂಪು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ಮಣ್ಣಿಗೂ ಒದಗಿಸುವ ಗಂಟುಗಳು ಅವು, ಕೆಂಪಗಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಬೇರಿಗೆ ರೋಗವಿಲ್ಲ, ಗಿಡಕ್ಕೆ ಹಸಿವಿಲ್ಲ. ಹಾಗಿದ್ದ ಮೇಲೆ ಇದು ಯಾರದೋ ಕೈವಾಡ ಎಂದು ಅವಳ ಮನಸ್ಸು ಅಲ್ಲೇ ತೀರ್ಪು ಕೊಟ್ಟುಬಿಟ್ಟಿತು.

ಅವಳ ಮನಸ್ಸೇ ಹಾಗೆ. ತರಕಾರಿ ಮಾರುಕಟ್ಟೆಯಲ್ಲಿ ಎಲ್ಲರೂ ಅವಳನ್ನು ಗೊಬ್ಬರದಕ್ಕ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ. ಒಂಬತ್ತು ವರ್ಷದಿಂದ ಒಂದು ಹಿಡಿ ರಾಸಾಯನಿಕ ಮುಟ್ಟದೆ ಬೆಳೆ ತೆಗೆದವಳು, ಕೈಗೆ ಸಿಕ್ಕಿದ ಮಣ್ಣನ್ನೆಲ್ಲ ಮೂಸಿ ನೋಡಿ ಗುಣ ಹೇಳುವವಳು. ಮೂಸುವ ಚಾಳಿ ಮಣ್ಣಿಗಷ್ಟೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಹಾಲಿನವನು ಒಂದು ದಿನ ತಡವಾಗಿ ಬಂದರೆ ದಾರಿಯಲ್ಲಿ ನೀರಿನ ನಲ್ಲಿ ಹುಡುಕುತ್ತಿದ್ದ ಅನ್ನುವಳು. ಗಂಡ ಸುಮ್ಮನೆ ನಕ್ಕರೆ ಏನು ಮುಚ್ಚಿಡುತ್ತಿದ್ದೀರಿ ಎಂದು ಕೇಳುವಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯನಿಗೆ ಗೋಡೆಯ ಕಡೆ ತಿರುಗಿಕೊಂಡು ನಗುವುದು ರೂಢಿಯಾಗಿಬಿಟ್ಟಿತ್ತು.

ಆದರೆ ಈ ಸಲ ಅವಳ ಆತಂಕಕ್ಕೆ ಕಾರಣವಿತ್ತು. ಇನ್ನು ಹತ್ತು ದಿನಕ್ಕೆ ಸಾವಯವ ಪ್ರಮಾಣಪತ್ರದ ತಪಾಸಣೆ. ಆ ಕಾಗದ ಇದ್ದರೆ ಮಾರುಕಟ್ಟೆಯ ಸಾವಯವ ಸಾಲಿನಲ್ಲಿ ಅವಳ ಮಳಿಗೆ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಕಚೇರಿಯ ನಿಯಮ ಅವಳಿಗೆ ಬಾಯಿಪಾಠ. ಪಕ್ಕದ ಹೊಲದಿಂದ ವಿಷ ತೂರಿಬಂದಿದ್ದರೆ ಬೇಲಿಯ ಬದಿಯ ನಾಲ್ಕು ಸಾಲು ಮಾತ್ರ ಹೊರಗಿಡುತ್ತಾರೆ, ತಪ್ಪು ಪಕ್ಕದವರ ತಲೆಗೆ. ಹೊಲದವರೇ ತಂದು ಹಾಕಿದ್ದರೆ, ಗೊತ್ತಿದ್ದು ಹಾಕಿರಲಿ ಗೊತ್ತಿಲ್ಲದೆ ಹಾಕಿರಲಿ, ಇಡೀ ಹೊಲ ಮತ್ತೆ ಮೂರು ವರ್ಷ ಕಾಯಬೇಕು. ಮೊದಲ ಸಲ ಆ ಮೂರು ವರ್ಷ ಕಾದದ್ದು ಹೇಗೆ ಎಂಬುದು ಅವಳಿಗೂ ಅವಳ ಸೊಂಟಕ್ಕೂ ನೆನಪಿತ್ತು.

ಪಕ್ಕದ ಹೊಲ ಅಂದರೆ ಬೇರೆ ಯಾರದೋ ಅಲ್ಲ, ಓರಗಿತ್ತಿಯದು. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಾಗ ನಡುವೆ ತಂತಿಬೇಲಿ ಎಳೆದಿದ್ದರು, ಒಂದು ಸಣ್ಣ ಗೇಟೂ ಬಿಟ್ಟಿದ್ದರು. ಮೈದುನ ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆಯೇ. ಹೊಲ ನೋಡುವವಳು ಅವನ ಹೆಂಡತಿ. ಅವಳು ಎಲ್ಲರಂತೆ ಚೀಲದ ಗೊಬ್ಬರ ಹಾಕುವವಳು, ಎಲ್ಲರಂತೆ ಔಷಧಿ ಹೊಡೆಯುವವಳು. ಅವಳ ಶೆಡ್ಡಿನ ಗೋಡೆಗೆ ನೀಲಿ ಬಣ್ಣದ ಸ್ಪ್ರೇ ಪಂಪು ನೇತಾಡುತ್ತಿತ್ತು. ಅದನ್ನು ಕಂಡಾಗಲೆಲ್ಲ ಗೊಬ್ಬರದಕ್ಕನಿಗೆ ಬೇಲಿಯಾಚೆ ಬಂದೂಕು ತೂಗುಹಾಕಿದ ಹಾಗೆ ಅನ್ನಿಸುತ್ತಿತ್ತು.

ಅದೂ ಅಲ್ಲದೆ ಓರಗಿತ್ತಿಯ ನಡವಳಿಕೆಯೇ ಈಚೆಗೆ ಸರಿಯಿರಲಿಲ್ಲ. ಶೆಡ್ಡಿನ ಹಿಂಬದಿಗೆ ಹಳೇ ಗೋಣಿತಾಟು ಕಟ್ಟಿ ಮರೆ ಮಾಡಿಕೊಂಡಿದ್ದಳು. ಗೊಬ್ಬರದಕ್ಕ ಬೇಲಿಯ ಹತ್ತಿರ ಹೋದರೆ ಅವಸರದಲ್ಲಿ ಆಚೆಯಿಂದ ಬಂದು ಮಾತಿಗೆ ನಿಲ್ಲುತ್ತಿದ್ದಳು, ಆದರೆ ಗೋಣಿತಾಟಿನ ಕಡೆ ಬೆನ್ನು ಕೊಟ್ಟು. ಒಂದು ದಿನ ಕೇಳಿದ್ದಳು, "ಅಕ್ಕ, ಮೊದಮೊದಲು ಇಳುವರಿ ಬಿದ್ದಾಗ ಏನ್ ಮಾಡ್ತಿದ್ರಿ? ಅಳು ಬರ್ತಿರ್ಲಿಲ್ವಾ?" ಅದು ಕುಹಕವಲ್ಲದೆ ಇನ್ನೇನು? ಗೊಬ್ಬರದಕ್ಕ ಆವತ್ತು ಉತ್ತರ ಕೊಡದೆ ಬಂದಿದ್ದಳು, ಮನೆಗೆ ಬಂದು ಗಂಡನಿಗೆ ಮೂರು ಸಲ ಹೇಳಿದ್ದಳು.

"ಅವಳೇ ಕಳೆನಾಶಕ ಹೊಡೆದಿದ್ದಾಳೆ. ಗಾಳಿಗೆ ತೂರಿ ನಮ್ಮ ಬೀನ್ಸ್ ಮೇಲೆ ಬಿದ್ದಿದೆ."

"ಈ ತಿಂಗಳು ಗಾಳಿ ನಮ್ಮ ಕಡೆಯಿಂದ ಅವರ ಕಡೆಗೆ ಬೀಸತ್ತೆ ಕಣೇ," ಎಂದ ಗಂಡ.

"ಗಾಳಿಗೇನ್ರೀ ನಿಯತ್ತು? ಅದು ಯಾವಾಗ ಬೇಕಾದ್ರೂ ತಿರುಗತ್ತೆ."

ಗಂಡ ಗೋಡೆಯ ಕಡೆ ತಿರುಗಿದ.

ಮರುದಿನದಿಂದ ಅವಳು ದಿನಕ್ಕೆ ಎರಡು ಸಲ ಬೇಲಿಗುಂಟ ನಡೆದಳು. ಮುದುಡಿದ ಎಲೆ ಬೇಲಿಯ ಹತ್ತಿರವೂ ಇತ್ತು, ಹೊಲದ ನಡುವೆಯೂ ಇತ್ತು, ಬೇಲಿಯಿಂದ ಬಲು ದೂರದ ಬಾವಿಯ ಬದಿಯಲ್ಲೂ ಇತ್ತು. ಬಾವಿಯ ಬದಿಯದನ್ನು ಅವಳು ನೋಡಿದಳು, ನೋಡಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅನುಮಾನ ಯಾವ ಕಡೆ ಕರೆದೊಯ್ಯುತ್ತದೋ ಆ ಕಡೆಗೇ ಕಣ್ಣು ಹೋಗುತ್ತದೆ, ನಮ್ಮ ನಿಮ್ಮ ಕಣ್ಣೂ ಹಾಗೆಯೇ.

ಇದರ ಜೊತೆಗೆ ಇನ್ನೊಂದು ಈಗ ಅವಳ ಕಣ್ಣಿಗೆ ಬಿತ್ತು. ಲದ್ದಿಯ ರಾಶಿ ಇಳಿಯುತ್ತಿತ್ತು.

ಲದ್ದಿಯ ವಿಷಯ ಸ್ವಲ್ಪ ಹೇಳಬೇಕು. ಗೊಬ್ಬರದಕ್ಕ ತನ್ನ ಹೊಲಕ್ಕೆ ಬೇಕಾದ ಸತ್ವವನ್ನು ಹೊಲದಲ್ಲೇ ಹುಟ್ಟಿಸಿಕೊಳ್ಳಬೇಕು ಎನ್ನುವ ಹಟದವಳು. ಒಂದು ವರ್ಷ ಬೀನ್ಸ್, ಮರುವರ್ಷ ಕೋಸು, ಅದರ ಮರುವರ್ಷ ಗಡ್ಡೆ. ನಡುವೆ ಹಸಿರೆಲೆ ಬೆಳೆಸಿ ಮಣ್ಣಿಗೇ ಸೇರಿಸುವುದು. ಕಸಕಡ್ಡಿ, ಸಿಪ್ಪೆ, ಸಗಣಿ ಎಲ್ಲ ಕೂಡಿಸಿ ಕೊಳೆಸುವುದು. ಆದರೂ ಮಾರುಕಟ್ಟೆಗೆ ಹೋದ ಒಂದೊಂದು ಬುಟ್ಟಿಯೂ ಹೊಲದ ಸತ್ವವನ್ನು ಹೊತ್ತುಕೊಂಡೇ ಹೋಗುತ್ತದೆ, ಬುಟ್ಟಿ ವಾಪಸ್ ಬರುತ್ತದೆ, ಸತ್ವ ಬರುವುದಿಲ್ಲ. ಹೋದ ವರ್ಷದ ಮಣ್ಣಿನ ವರದಿಯಲ್ಲಿ ಪೊಟ್ಯಾಷ್ ಕುಸಿದಿದ್ದು ಕಂಡು ಅವಳಿಗೆ ಮನೆಯಲ್ಲಿ ಯಾರಿಗೋ ಕಾಯಿಲೆ ಬಂದಷ್ಟು ಸಂಕಟವಾಯಿತು. ಮೊದಲ ಬಾರಿಗೆ ಹೊರಗಿನ ಗೊಬ್ಬರ ತರಬೇಕಾಯಿತು. ಕುದುರೆ ಸವಾರಿ ಕಲಿಸುವ ಲಾಯದಿಂದ ಎರಡು ಟ್ರ್ಯಾಕ್ಟರ್ ಲದ್ದಿ ತಂದಳು.

ಸುಮ್ಮನೆ ತಂದಳೇ? ಲಾಯದವನನ್ನು ಬೆಂಚಿನ ಮೇಲೆ ಕೂರಿಸಿ ಬೆವರಿಳಿಸಿದ್ದಳು. ಕುದುರೆಗೆ ಯಾವ ಔಷಧಿ ಕೊಡುತ್ತೀಯ, ಯಾವಾಗ ಕೊಟ್ಟೆ, ಲದ್ದಿಯ ಜೊತೆ ಮರದ ಪುಡಿ ಬೆರೆಸುತ್ತೀಯಾ, ಬಣ್ಣ ಬಳಿದ ಮರದ್ದಾ. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಕಳೆಯ ಭಯ. ಹುಲ್ಲಿನ ಜೊತೆ ಕಳೆಬೀಜ ಕುದುರೆಯ ಹೊಟ್ಟೆ ಸೇರಿ, ಲದ್ದಿಯಲ್ಲಿ ಬಂದು, ತನ್ನ ಹೊಲದಲ್ಲಿ ಮೊಳೆತರೆ ಅವನ್ನು ಕೀಳುವುದು ತನ್ನ ಎರಡು ಕೈಯೇ ತಾನೇ. ಲಾಯದವನು ಎದೆ ಮುಟ್ಟಿಕೊಂಡು ಹೇಳಿದ್ದ, "ಹುಡುಕಿದ್ರೂ ಒಂದು ಕಳೆ ಸಿಗಲ್ಲ ಅಕ್ಕ, ಅಷ್ಟು ಶುದ್ಧ ಹುಲ್ಲು." ಗೊಬ್ಬರದಕ್ಕ ಮೇವಿನ ಅಟ್ಟ ಹತ್ತಿ ಒಂದು ಕಂತೆ ಬಿಚ್ಚಿ ನೋಡಿದ್ದಳು. ನಿಜವಾಗಿಯೂ ಒಂದೇ ಒಂದು ಕಳೆ ಇರಲಿಲ್ಲ. ಅಷ್ಟು ಒಳ್ಳೆಯ ಹುಲ್ಲನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಅರ್ಧ ಲದ್ದಿಯನ್ನು ಬೀನ್ಸ್ ಹೊಲಕ್ಕೆ ಹರಡಿದ್ದಳು, ಮಿಕ್ಕದ್ದು ಗೇಟಿನ ಪಕ್ಕ ರಾಶಿಯಾಗಿತ್ತು.

ಈಗ ಆ ರಾಶಿ ಇಳಿಯುತ್ತಿತ್ತು.

"ಕೊಳೆಯೋವಾಗ ಕುಗ್ಗತ್ತೆ, ನಿಂಗೆ ನಾನು ಹೇಳಿಕೊಡಬೇಕಾ?" ಎಂದ ಗಂಡ. ಅವನ ದನಿ ಎಂದಿಗಿಂತ ಸ್ವಲ್ಪ ಮೆತ್ತಗಿತ್ತು, ಅದೂ ಅವಳ ಕಿವಿಗೆ ಬಿತ್ತು.

"ಕುಗ್ಗಿದ್ರೆ ಎಲ್ಲಾ ಕಡೆ ಕುಗ್ಗಬೇಕು ಕಣ್ರೀ. ಗೇಟಿನ ಕಡೆ ಮೂಲೆ ಒಂದೇ ಯಾಕೆ ಕುಗ್ಗತ್ತೆ?"

ಅವನು ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೊರಟುಹೋದ. ಅವಳು ಮಣ್ಣಿನಲ್ಲಿ ಬಗ್ಗಿ ನೋಡಿದಳು. ಒಂಟಿ ಚಕ್ರದ ಕೈಗಾಡಿಯ ಗುರುತು ಗೇಟಿನಿಂದ ನೇರ ಓರಗಿತ್ತಿಯ ಹೊಲಕ್ಕೆ ಹೋಗಿತ್ತು. ಮೇಲಿಂದ ವಿಷ ಹೊಡೆಯುವುದು, ಕೆಳಗಿಂದ ಗೊಬ್ಬರ ಕದಿಯುವುದು! ಗೊಬ್ಬರದಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಆವತ್ತೇ ಅಡುಗೆಮನೆಯ ಮೇಜಿನ ಮೇಲೆ ಕೂತು ಕಾಗದ ಬರೆದಳು. ನನ್ನ ಹೊಲದ ಪಕ್ಕದ ಜಮೀನಿನವರಾದ ನನ್ನ ಓರಗಿತ್ತಿ ಕಳೆನಾಶಕ ಸಿಂಪಡಿಸಿದ್ದರಿಂದ ಬೆಳೆ ಹಾಳಾಗಿದೆ, ಆಕೆಯ ಬಳಿ ನೀಲಿ ಪಂಪು ಇದ್ದು ನಾನೇ ಕಣ್ಣಾರೆ ಕಂಡಿದ್ದೇನೆ, ಆಕೆ ಗುಟ್ಟಾಗಿ ನಡೆದುಕೊಳ್ಳುತ್ತಾಳೆ. ಪಂಪನ್ನು ಕಂಡದ್ದು ನಿಜ. ಹೊಡೆದದ್ದನ್ನು ಕಂಡಿರಲಿಲ್ಲ. ಆದರೆ ವಾಕ್ಯವನ್ನು ಓದಿದವರಿಗೆ ಹೊಡೆದದ್ದನ್ನೇ ಕಂಡ ಹಾಗೆ ಅನ್ನಿಸುವಂತಿತ್ತು, ಅವಳಿಗೂ ಅದು ಗೊತ್ತಿತ್ತು. ಮಾರನೆಯ ದಿನ ಮಾರುಕಟ್ಟೆಗೆ ಹೋಗುವಾಗ ಪ್ರಮಾಣಪತ್ರದ ಕಚೇರಿಯ ಬಾಗಿಲಲ್ಲಿದ್ದ ಪೆಟ್ಟಿಗೆಗೆ ಅದನ್ನು ಹಾಕಿದಳು. ಕೈ ಹಗುರವಾಯಿತು.

ಮಾರುಕಟ್ಟೆಯ ದಿನ ಅವಳು ಮನೆ ಸೇರುವುದು ಸಂಜೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಹನ್ನೊಂದು ಗಂಟೆಗೆಲ್ಲ ಪಕ್ಕದ ಮಳಿಗೆಯವಳಿಗೆ ಬುಟ್ಟಿಗಳನ್ನು ಒಪ್ಪಿಸಿ, ತಲೆನೋವು ಎಂದು ಹೇಳಿ ಬಸ್ಸು ಹತ್ತಿದಳು. ಮುಂದಿನ ಬಾಗಿಲಿನಿಂದ ಬರದೆ ಬಾವಿಯ ಕಡೆಯಿಂದ ಸುತ್ತಿ ಬಂದಳು. ರಾಶಿಯ ಹತ್ತಿರ ಓರಗಿತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸಲಿಕೆಯಲ್ಲಿ ಲದ್ದಿ ಎತ್ತಿ ಕೈಗಾಡಿಗೆ ತುಂಬುತ್ತಿದ್ದಳು.

"ಚೆನ್ನಾಗಿದೆಯಾ?" ಎಂದಳು ಗೊಬ್ಬರದಕ್ಕ.

ಸಲಿಕೆ ಓರಗಿತ್ತಿಯ ಕೈಯಿಂದ ಜಾರಿತು. "ಅಯ್ಯೋ ಅಕ್ಕ! ಇಷ್ಟು ಬೇಗ?"

"ಬೇಗ ಬಂದಿದ್ದಕ್ಕೇ ಕಂಡಿದ್ದು. ಎಷ್ಟು ಗಾಡಿ ಆಯ್ತು?"

"ಇದು ನಾಲ್ಕನೇದು. ಭಾವನ್ನ ಕೇಳಿಯೇ ತಗೊಂಡೆ ಅಕ್ಕ. ಬೇಕಾದ್ರೆ ಕೇಳಿ. ನಿಮಗೆ ಹೇಳ್ಬೇಡಿ ಅಂತ ಅವರಿಗೆ ನಾನೇ ಹೇಳಿದ್ದೆ."

ಗಂಡನ ದನಿ ಯಾಕೆ ಮೆತ್ತಗಾಗಿತ್ತು ಎಂಬುದು ಈಗ ಗೊತ್ತಾಯಿತು. ಅವನನ್ನು ಆಮೇಲೆ ವಿಚಾರಿಸಿಕೊಂಡರಾಯಿತು. "ನನಗೆ ಯಾಕೆ ಹೇಳಬಾರದು? ಚೀಲದ ಗೊಬ್ಬರ ಹಾಕೋಳಿಗೆ ಲದ್ದಿ ಯಾತಕ್ಕೆ? ಆ ಗೋಣಿತಾಟಿನ ಹಿಂದೆ ಏನಿದೆ? ತೋರ್ಸು."

"ಬೇಡ ಅಕ್ಕ, ನಗ್ತೀರ."

"ನಗೋದೋ ಅಳೋದೋ ನಾನು ನೋಡ್ಕೋತೀನಿ, ನಡಿ."

ಗೇಟು ದಾಟಿ ಗೊಬ್ಬರದಕ್ಕ ಮುಂದೆ, ಓರಗಿತ್ತಿ ಹಿಂದೆ. ನೀಲಿ ಪಂಪು ಗೋಡೆಯ ಮೇಲೇ ಇತ್ತು. ಹತ್ತಿರದಿಂದ ನೋಡಿದರೆ ಅದರ ಹಿಡಿಕೆಗೆ ಜೇಡ ಬಲೆ ಕಟ್ಟಿತ್ತು, ಎರಡು ದಿನದ ಬಲೆಯಲ್ಲ, ತಿಂಗಳುಗಟ್ಟಲೆಯದು. ಗೊಬ್ಬರದಕ್ಕ ಗೋಣಿತಾಟು ಸರಿಸಿದಳು.

ಒಳಗೆ ಡಬ್ಬಗಳಿರಲಿಲ್ಲ. ಎರಡು ಮಾರು ಉದ್ದದ ಸಸಿಮಡಿ ಇತ್ತು. ಒಂದು ಬದಿ ಟೊಮೇಟೊ, ಒಂದು ಬದಿ ಬೀನ್ಸ್. ಸುತ್ತ ಇಟ್ಟಿಗೆ ಜೋಡಿಸಿ, ಸಾಲಿಗೆ ದಾರ ಹಿಡಿದು, ಬಲು ಮುತುವರ್ಜಿಯಿಂದ ಮಾಡಿದ್ದು.

"ನಾನೂ ನಿಮ್ಮ ಥರ ಮಾಡೋಣ ಅಂತ," ಎಂದಳು ಓರಗಿತ್ತಿ, ನೆಲ ನೋಡುತ್ತಾ. "ಔಷಧಿ ಬಿಟ್ಟು ಏಳು ತಿಂಗಳಾಯ್ತು. ಮೊದಲು ಇಷ್ಟೇ ಇಷ್ಟು ಜಾಗದಲ್ಲಿ ನೋಡೋಣ, ಬಂದ್ರೆ ಅರ್ಜಿ ಹಾಕೋಣ, ಬರ್ದೇ ಇದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ನೋಡಿ, ಹೇಗಾಗಿದೆ. ನನ್ನ ಕೈಗುಣವೇ ಸರಿಯಿಲ್ಲ."

ಟೊಮೇಟೊ ಸಸಿಗಳ ತುದಿ ಸುರುಳಿ ಸುತ್ತಿಕೊಂಡು ಎಲೆಯೆಂದು ಗುರುತು ಸಿಗದಷ್ಟು ಸಣ್ಣಗಾಗಿದ್ದವು. ಬೀನ್ಸ್ ಎಲೆಗಳು ಬಟ್ಟಲಾಗಿದ್ದವು. ಗೊಬ್ಬರದಕ್ಕನಿಗೆ ಆ ಬಟ್ಟಲಿನ ಗುರುತು ಚೆನ್ನಾಗಿಯೇ ಇತ್ತು. ಆದರೆ ಅವಳ ನೋಟ ನಿಂತದ್ದು ಮಡಿಯ ಕೊನೆಯಲ್ಲಿ. ಅಲ್ಲಿ ಒಂದು ಮೊಳದಷ್ಟು ಜಾಗದಲ್ಲಿ ಅದೇ ಬೀನ್ಸ್, ಅದೇ ಟೊಮೇಟೊ, ಎಲೆ ಅಗಲವಾಗಿ, ನೇರವಾಗಿ, ನಗುನಗುತ್ತಾ ನಿಂತಿದ್ದವು.

"ಇಲ್ಲಿ ಯಾಕೆ ಚೆನ್ನಾಗಿದೆ?"

"ಅಲ್ಲಿಗೆ ಲದ್ದಿ ಸಾಲಲಿಲ್ಲ ಅಕ್ಕ. ಅದಕ್ಕೇ ಇವತ್ತು ಇನ್ನೊಂದು ಗಾಡಿ ತರೋಣ ಅಂತ ಬಂದೆ."

ಗೊಬ್ಬರದಕ್ಕ ಇಟ್ಟಿಗೆಯ ಮೇಲೆ ಕೂತುಬಿಟ್ಟಳು. ಲದ್ದಿ ಬಿದ್ದ ಕಡೆ ಮುದುಡಿದೆ, ಬೀಳದ ಕಡೆ ಇಲ್ಲ. ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಇದಕ್ಕೆ ಗಾಳಿ ಬೇಡ, ಪಂಪು ಬೇಡ. ಅವಳಿಗೆ ಬಾವಿಯ ಬದಿಯ ಗಿಡಗಳು ಕಣ್ಣ ಮುಂದೆ ಬಂದವು. ಫೋನು ತೆಗೆದು ಲಾಯದವನಿಗೆ ಹಚ್ಚಿದಳು.

"ನಿನ್ನ ಹುಲ್ಲಿನಲ್ಲಿ ಕಳೆ ಯಾಕಿರ್ಲಿಲ್ಲ?"

"ಅದೇನ್ ಅಕ್ಕ ಹಿಂಗ್ ಕೇಳ್ತೀರ, ನೀವೇ ಖುಷಿಪಟ್ರಲ್ಲ!" ಎಂದ ಅವನು. "ಹುಲ್ಲಿನವನು ಹುಲ್ಲು ಬೆಳೆಯೋ ಹೊಲಕ್ಕೆಲ್ಲ ಮದ್ದು ಹೊಡೀತಾನೆ. ಹುಲ್ಲಿಗೆ ಏನೂ ಆಗಲ್ಲ, ಅಗಲ ಎಲೆಯ ಕಳೆ ಮಾತ್ರ ಸಾಯತ್ತೆ. ಕುದುರೆಗೂ ಏನೂ ಆಗಲ್ಲ. ತಿಂತವೆ, ಹಾಗೇ ಹೊರಗೆ ಹೋಗತ್ತೆ."

ಹಾಗೇ ಹೊರಗೆ ಹೋಗುತ್ತದೆ. ಹೋಗಿ ಲದ್ದಿಯಲ್ಲಿ ಕೂರುತ್ತದೆ. ಅಲ್ಲಿಂದ ಬೀನ್ಸ್ ಬೇರಿಗೆ ಬರುತ್ತದೆ, ಬೀನ್ಸೂ ಅಗಲ ಎಲೆಯದೇ ತಾನೇ. ಲೋಕದವರನ್ನೆಲ್ಲ ಬೆಂಚಿನ ಮೇಲೆ ಕೂರಿಸಿ ಪ್ರಶ್ನೆ ಕೇಳುವ ಗೊಬ್ಬರದಕ್ಕ, ಕಳೆಯಿಲ್ಲದ ಹುಲ್ಲನ್ನು ಕಂಡು ಹಿಗ್ಗಿಹೋಗಿ, ಅದು ಯಾಕೆ ಹಾಗಿದೆ ಎಂಬ ಒಂದೇ ಪ್ರಶ್ನೆಯನ್ನು ಮರೆತಿದ್ದಳು. ಒಂಬತ್ತು ವರ್ಷ ಕಳೆ ಕಿತ್ತ ಬೆನ್ನಿಗೆ ಮಾತ್ರ ಆಗಬಹುದಾದ ಮರೆವು ಅದು.

"ನಿನ್ನ ಕೈಗುಣ ಅಲ್ಲ ಕಣೇ," ಎಂದಳು ಓರಗಿತ್ತಿಗೆ. "ನನ್ನ ಲದ್ದಿ." ಎಲ್ಲವನ್ನೂ ಬಿಡಿಸಿ ಹೇಳಿದಳು. ಹೇಳಬೇಕಾದ್ದು ಇನ್ನೊಂದಿತ್ತು. ಓರಗಿತ್ತಿಯ ಮುಖ ಅರಳಿಬಿಟ್ಟಿತ್ತು. "ಹಾಗಾದ್ರೆ ನಾನು ಮಾಡಬಹುದಾ ಅಕ್ಕ? ತಪಾಸಣೆಯವರು ಬಂದಾಗ ನನ್ನ ಅರ್ಜಿನೂ ಕೊಡ್ಲಾ? ಅವತ್ತು ಹೇಳಿ ಕಳಿಸಿದ್ರೆ ಬರ್ತೀನಿ." ಅಂಥ ಮುಖದ ಮುಂದೆ ನಿಂತು, ಬೆಳಿಗ್ಗೆ ತಾನೇ ನಿನ್ನ ಮೇಲೆ ದೂರು ಹಾಕಿ ಬಂದೆ ಎಂದು ಹೇಳುವ ಧೈರ್ಯ ಗೊಬ್ಬರದಕ್ಕನಿಗೆ ಬರಲಿಲ್ಲ.

ಕಚೇರಿಗೆ ಫೋನು ಮಾಡಿದಳು. ಗುಮಾಸ್ತ ಕಾಗದ ಹುಡುಕಿ ಹೇಳಿದ, "ನಂಬರ್ ಬಿದ್ದಿದೆ ಅಕ್ಕ. ನಂಬರ್ ಬಿದ್ದ ಮೇಲೆ ವಾಪಸ್ ಕೊಡೋ ಹಾಗಿಲ್ಲ. ಏನಿದ್ರೂ ತಪಾಸಣೆಗೆ ಬರೋ ಮೇಡಂ ಹತ್ರ ಹೇಳಿ."

ಅಲ್ಲಿಂದ ತಪಾಸಣೆಯವರೆಗೆ ಆರು ದಿನ. ಆ ಆರು ದಿನ ಗೊಬ್ಬರದಕ್ಕ ಸುಳ್ಳು ಹೇಳಿದವರ ಹಾಗೆ ಓಡಾಡಿದಳು. ಓರಗಿತ್ತಿ ಬೇಲಿಯ ಬಳಿ ಬಂದರೆ ಶೆಡ್ಡಿನೊಳಗೆ ಹೋಗಿಬಿಡುವಳು. ಗುಮಾಸ್ತ ಯಾರಿಗಾದರೂ ಬಾಯಿಬಿಟ್ಟಿರಬಹುದೇ, ಮಳಿಗೆಯವಳು ನೋಡಿದ ನೋಟ ಯಾಕೆ ಹಾಗಿತ್ತು, ಗಂಡನಿಗೆ ಗೊತ್ತಾಗಿದೆಯೇ. ಬೇರೆಯವರು ತನ್ನನ್ನು ಅನುಮಾನಿಸುತ್ತಿದ್ದಾರೆ ಎಂಬ ಅನುಮಾನ ಎಷ್ಟು ಸುಡುತ್ತದೆ ಎಂಬುದು ಅವಳಿಗೆ ಹೊಸದು. ಕೊನೆಗೆ ಒಂದು ಉಪಾಯ ಮಾಡಿದಳು. ತಪಾಸಣೆ ಬೆಳಿಗ್ಗೆ ಹತ್ತಕ್ಕೆ. ಓರಗಿತ್ತಿಗೆ ಮಧ್ಯಾಹ್ನ ಮೂರಕ್ಕೆ ಬಾ ಎಂದಳು. ಅಷ್ಟರಲ್ಲಿ ಮೇಡಮ್ಮಿಗೆ ಒಬ್ಬಳೇ ಸಿಕ್ಕಿ, ಎಲ್ಲ ಹೇಳಿ, ಕಾಗದ ಹರಿಸಿಬಿಡಬಹುದು. ನಿಜ ಹೇಳುವುದೆಂದು ಅವಳು ನಿರ್ಧರಿಸಿದ್ದಳು, ಅದರಲ್ಲಿ ಅನುಮಾನವಿಲ್ಲ. ಯಾರ ಎದುರಿಗೆ ಹೇಳುವುದು ಎಂಬುದಷ್ಟೇ ಅವಳ ಚಿಂತೆ.

ಹತ್ತಕ್ಕೆ ಸರಿಯಾಗಿ ತಪಾಸಣೆಯ ಮೇಡಂ ಬಂದರು. ಗಿಡ್ಡಗಿನ ಹೆಂಗಸು, ಮೊಣಕಾಲುದ್ದದ ರಬ್ಬರ್ ಬೂಟು, ಕುತ್ತಿಗೆಗೆ ದಾರದಲ್ಲಿ ತೂಗುಹಾಕಿಕೊಂಡ ಕನ್ನಡಕ. ಮಾತು ಕಡಿಮೆ, ಪೆನ್ನು ಜಾಸ್ತಿ. ಅಂಗಳದಲ್ಲಿ ಹಾಕಿದ್ದ ಮೇಜಿನ ಮೇಲೆ ಕಡತ ಬಿಚ್ಚಿ ಮೊದಲನೇ ಹಾಳೆ ತಿರುವುವ ಹೊತ್ತಿಗೆ ಗೇಟು ಕಿರುಗುಟ್ಟಿತು. ಓರಗಿತ್ತಿ ತಲೆ ಬಾಚಿಕೊಂಡು, ಅರ್ಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬರುತ್ತಿದ್ದಳು.

"ಮೂರಕ್ಕೆ ಅಂದಿದ್ನಲ್ಲ!"

"ಭಾವ ಹತ್ತಕ್ಕೆ ಅಂದ್ರು," ಎಂದಳು ಅವಳು. "ನಿಮಗೆ ಮರೆತುಹೋಗಿರ್ಬೇಕು ಅಂತಾನೂ ಅಂದ್ರು."

ಗಂಡ ಬಾಗಿಲಲ್ಲಿ ನಿಂತು ಒಳ್ಳೆಯ ಕೆಲಸ ಮಾಡಿದವನ ಹಾಗೆ ತಲೆಯಾಡಿಸಿದ.

"ನೀವೇನಾ ಪಕ್ಕದ ಹೊಲದವರು?" ಎಂದರು ಮೇಡಂ. "ಒಳ್ಳೇದಾಯ್ತು. ದೂರು ಇದ್ರೆ ಅದನ್ನ ಇಬ್ಬರ ಎದುರಿಗೂ ಓದ್ಬೇಕು, ಅದು ನಿಯಮ."

"ಮೇಡಂ, ಅದು ಒಂದು ನಿಮಿಷ," ಎಂದಳು ಗೊಬ್ಬರದಕ್ಕ. ಮೇಡಂ ಕನ್ನಡಕ ಏರಿಸಿ ಓದಲು ಶುರುಮಾಡಿಯಾಗಿತ್ತು. ಏರಿಳಿತವಿಲ್ಲದೆ, ಔಷಧಿ ಅಂಗಡಿಯ ಚೀಟಿ ಓದುವ ಹಾಗೆ ಓದಿದರು. ನೀಲಿ ಪಂಪು. ಕಣ್ಣಾರೆ ಕಂಡಿದ್ದೇನೆ. ಗುಟ್ಟಾಗಿ ನಡೆದುಕೊಳ್ಳುತ್ತಾಳೆ. ಕೆಳಗೆ ಸಹಿ, ತಾರೀಕು.

ಓರಗಿತ್ತಿ ಗೊಬ್ಬರದಕ್ಕನ ಕಡೆ ನೋಡಲಿಲ್ಲ. ಮೇಜಿನ ಮೇಲಿನ ಕಾಗದವನ್ನು ನೋಡುತ್ತಾ ನಿಂತಳು. ಅವಳ ಕುತ್ತಿಗೆಯ ಬುಡ ಕೆಂಪಾಯಿತು. ಆಮೇಲೆ ತಣ್ಣನೆಯ ದನಿಯಲ್ಲಿ ಹೇಳಿದಳು, "ಅಕ್ಕ ಬರೆದಿರೋದು ಸರಿ ಮೇಡಂ. ಪಂಪು ನಂದೇ. ನಾನೇ ಹೊಡೆದೆ."

"ಹಾಗಾದ್ರೆ ನಿಮ್ಮ ಕೈಲಿರೋ ಈ ಅರ್ಜಿ?"

"ಇದು ಬೇಡ ಬಿಡಿ." ಅವಳು ಕವರನ್ನು ಎರಡಾಗಿ ಮಡಿಸಿದಳು.

ಮೇಡಂ ಪೆನ್ನಿನ ಮುಚ್ಚಳ ತೆಗೆದು ಬರೆಯತೊಡಗಿದರು.

ಗೊಬ್ಬರದಕ್ಕ ಹೂಂ ಅನ್ನಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ನಾಲ್ಕು ಸಾಲು ಹೋಗುತ್ತದೆ, ಹೊಲ ಉಳಿಯುತ್ತದೆ. ಮಳಿಗೆ ಉಳಿಯುತ್ತದೆ. ಓರಗಿತ್ತಿಗೆ ಕಳೆದುಕೊಳ್ಳಲು ಏನಿದೆ, ಅವಳ ಹತ್ತಿರ ಪ್ರಮಾಣಪತ್ರವೇ ಇಲ್ಲವಲ್ಲ. ಆ ಗಳಿಗೆಯಲ್ಲೂ ಅವಳ ಹಾಳು ಮನಸ್ಸು ಇನ್ನೊಂದು ದಾರಿ ಹಿಡಿಯಿತು: ಇವಳು ಯಾಕೆ ಹೀಗೆ ಹೇಳುತ್ತಿದ್ದಾಳೆ? ಜೀವನಪೂರ್ತಿ ನನ್ನನ್ನು ಋಣದಲ್ಲಿ ಇಟ್ಟುಕೊಳ್ಳಲಿಕ್ಕಾ? ನಾನು ಬೀಳುವುದನ್ನು ನೋಡಲಿಕ್ಕಾ? ಪೆನ್ನು ಹಾಳೆಯ ಮೇಲೆ ಓಡುವ ಸದ್ದು ಕೇಳುತ್ತಿತ್ತು. ಸಾಲಿನ ಕೊನೆಗೆ ಮೇಡಂ ಚುಕ್ಕೆ ಇಟ್ಟರು.

"ಸುಳ್ಳು," ಎಂದಳು ಗೊಬ್ಬರದಕ್ಕ. ತಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಅವಳು ಹೇಳ್ತಿರೋದು ಸುಳ್ಳು, ನಾನು ಬರೆದಿರೋದೂ ಸುಳ್ಳು. ಪಂಪಿಗೆ ಜೇಡ ಬಲೆ ಕಟ್ಟಿದೆ, ಬನ್ನಿ ತೋರಿಸ್ತೀನಿ. ವಿಷ ಬಂದಿರೋದು ನಾನು ತಂದ ಲದ್ದಿಯಿಂದ. ನಾನೇ ತಂದೆ, ನಾನೇ ಹರಡಿದೆ."

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ಇದರ ಅರ್ಥ 'ಮೂರು ವರ್ಷ' ಅಂತ ಗೊತ್ತಲ್ವಾ?"

"ಗೊತ್ತು. ಬರ್ಕೊಳ್ಳಿ."

ಸಸಿಮಡಿ ನೋಡಿಯಾಯಿತು, ಬಾವಿಯ ಬದಿಯ ಗಿಡ ನೋಡಿಯಾಯಿತು, ಲದ್ದಿಯನ್ನು ಎರಡು ಪೊಟ್ಟಣದಲ್ಲಿ ಕಟ್ಟಿ ಮೊಹರು ಹಾಕಿಯಾಯಿತು. ಮೇಡಂ ಹೊಸ ಹಾಳೆಯಲ್ಲಿ ಹೊಸದಾಗಿ ಬರೆದು ಗೊಬ್ಬರದಕ್ಕನ ಸಹಿ ಹಾಕಿಸಿಕೊಂಡರು. ಓರಗಿತ್ತಿಯ ಕೈಯಿಂದ ಮಡಿಸಿದ ಕವರನ್ನು ತಾವೇ ತೆಗೆದುಕೊಂಡು, ಸಸಿಮಡಿಯ ಜಾಗ ಒಂದನ್ನು ಬಿಟ್ಟು ಮಿಕ್ಕ ಹೊಲಕ್ಕೆ ಇವತ್ತಿನ ತಾರೀಕು ಹಾಕಿ ಅರ್ಜಿ ಸ್ವೀಕರಿಸಿದರು. ಇಬ್ಬರದೂ ಅದೇ ದಿನದಿಂದ ಮೂರು ವರ್ಷ. "ಇನ್ನು ಮೇಲೆ ಇಬ್ರೂ ಒಂದೇ ಕ್ಲಾಸು," ಎಂದ ಗಂಡ. ಯಾರೂ ನಗಲಿಲ್ಲ, ಅವನೂ ಗೋಡೆಯ ಕಡೆ ತಿರುಗಲಿಲ್ಲ.

ಮೇಡಮ್ಮಿನ ಗಾಡಿ ಹೋದ ಮೇಲೆ ಅಂಗಳದಲ್ಲಿ ಇಬ್ಬರೇ ಉಳಿದರು. ಗೊಬ್ಬರದಕ್ಕನಿಗೆ ಅಳು ಬಂದಿತ್ತು. ಒಂಬತ್ತು ವರ್ಷ ಹೋದದ್ದಕ್ಕೆ ಅಳು, ಬರೆದ ಕಾಗದಕ್ಕೆ ನಾಚಿಕೆ, ಎರಡೂ ಒಟ್ಟಿಗೇ ಬಂದು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. "ತಪ್ಪಾಯ್ತು ಕಣೇ," ಎಂದಳು. "ದೊಡ್ಡ ತಪ್ಪಾಯ್ತು. ಆದ್ರೆ ನೀನು ಯಾಕೆ ಹಾಗಂದೆ? ಮಾಡದೇ ಇರೋದನ್ನ ಯಾಕೆ ಒಪ್ಕೊಂಡೆ?"

ಓರಗಿತ್ತಿ ಮೇಜಿನ ಮೇಲಿನ ನೀರಿನ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

"ನೀವು ನಿಜ ಹೇಳ್ತೀರ ಅಂತ ಗೊತ್ತಿತ್ತು ಅಕ್ಕ. ಎಷ್ಟು ಹೊತ್ತಿಗೆ ಹೇಳ್ತೀರ ಅಂತ ಗೊತ್ತಿರಲಿಲ್ಲ."

ಕೇಳಬಾರದೆಂದು ಗೊತ್ತಿದ್ದೂ ಗೊಬ್ಬರದಕ್ಕ ಕೇಳಿದಳು. "ಈಗ ಗೊತ್ತಾಯ್ತಾ?"

"ಹೂಂ," ಎಂದಳು ಓರಗಿತ್ತಿ. "ಅವರು ಒಂದು ಸಾಲು ಬರೆದು ಚುಕ್ಕೆ ಇಡೋಷ್ಟು ಹೊತ್ತು."

ಅವಳು ಲೋಟಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಬಂದು, ಗೇಟು ತೆರೆದು ತನ್ನ ಹೊಲದ ಕಡೆ ನಡೆದಳು. ಗೊಬ್ಬರದಕ್ಕ ಗೇಟಿನವರೆಗೆ ಹಿಂದೆ ಹೋದಳು, ಗೇಟನ್ನು ಮುಚ್ಚದೆ ಹಾಗೇ ಬಿಟ್ಟಳು.